ಕುಡಿಯುವ ಕಲರ್

ಹೆರಿಗೆಯಲ್ಲಿ ಅಕ್ಕ ತೀರಿಕೊಂಡಾಗ ಕೂಸನ್ನು ಮಡಿಲಿಗೆ ಹಾಕಿಕೊಂಡವಳು ತಂಗಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೆಲಸ. ದಿನವಿಡೀ ಹಬೆಯಲ್ಲಿ ಬೆಂದು ಬಂದರೂ, ಗುಬ್ಬಿ "ಚಿಕ್ಕಮ್ಮಾ" ಎಂದು ಕಾಲಿಗೆ ತೊಡರಿಕೊಂಡರೆ ದಣಿವೆಲ್ಲ ಮಂಗಮಾಯ.

ಗುಬ್ಬಿ ಶಾಲೆಗೆ ಸೇರುವ ವಯಸ್ಸಿಗೆ ಭಾವ ತನ್ನ ಎರಡನೇ ಹೆಂಡತಿಯೊಂದಿಗೆ ಬಂದ. "ನನ್ನ ಮಗಳು ಇನ್ಮೇಲೆ ನನ್ನ ಮನೇಲಿರ್ಲಿ" ಎಂದ. ಹೆತ್ತವನ ಮುಂದೆ ಸಾಕಿದವಳ ಮಾತಿಗೇನು ಬೆಲೆ? ಅತ್ತು ಕರೆದು ಕಳಿಸಿಕೊಟ್ಟಳು.

ಅವರ ಊರು ಬೆಟ್ಟಸಾಲಿನ ಆಚೆ. ಮರುವರ್ಷ ರಜೆ ಸಿಕ್ಕಿದ್ದೇ ರೈಲು ಹತ್ತಿದಳು. ಬಾಗಿಲು ತೆರೆದ ಗುಬ್ಬಿ ಉದ್ದವಾಗಿದ್ದಳು, ಮುಂದಿನ ಹಲ್ಲೆರಡು ಬಿದ್ದಿದ್ದವು.

"ಗುಬ್ಬೀ, ನಿಂಗೆ ಕಲರ್ ತಂದಿದೀನಿ ನೋಡೇ!"

ಮಗು ಚೀಲಕ್ಕೆ ಕೈಹಾಕಿ ತಡಕಾಡಿತು. "ಎಲ್ಲಿ? ಎಷ್ಟು ಬಣ್ಣ ಇದೆ?" ಆಮೇಲೆ ಕಿತ್ತಳೆ ಬಣ್ಣದ ತಂಪು ಪಾನೀಯದ ಬಾಟಲಿ ಎಳೆದು ಬಿದ್ದು ಬಿದ್ದು ನಕ್ಕಿತು. "ಅಯ್ಯೋ, ಇದು ಥಂಡಾ! ಕಲರ್ ಅಂದ್ರೆ ಬಳಿಯೋದು, ಕುಡಿಯೋದಲ್ಲ."

"ಕಲರ್ ಬೇಕು ಅಂತ ಅಂಗಡಿ ಮುಂದೆ ಹೊರಳಾಡ್ತಿದ್ದೋಳು ಯಾರೇ ಹಾಗಾದ್ರೆ?"

"ನಾನಲ್ಲಪ್ಪ."

ಲೋಟಗಳನ್ನು ತಂದಿಟ್ಟ ಮಲತಾಯಿ ಮೆಲ್ಲಗೆ ಹೇಳಿದಳು. "ತಪ್ಪು ತಿಳ್ಕೋಬೇಡಿ ಅಕ್ಕ. ಇವಳು ಬಾಯಿ ಬಿಟ್ರೆ ಸಾಕು, ಶಾಲೇಲಿ ಎಲ್ಲರೂ ಆಡ್ಕೊಳ್ತಿದ್ರು. ಒಂದಿನ ಕಲರ್ ಕೊಡಿ ಅಂದಿದ್ದಕ್ಕೆ, ಹುಡುಗ್ರು ನೀರಿಗೆ ಬಣ್ಣ ಕಲಸಿ ಕುಡಿಸಿಬಿಟ್ರು. ಅತ್ತೂ ಅತ್ತೂ ಜ್ವರ ಬಂತು. ಅದಕ್ಕೇ ಪಕ್ಕದಲ್ಲಿ ಕೂರಿಸ್ಕೊಂಡು ಒಂದೊಂದೇ ಮಾತು ತಿದ್ದಿದೆ."

ಚಿಕ್ಕಮ್ಮ ರೈಲಿನುದ್ದಕ್ಕೂ ಜಗಳಕ್ಕೆ ಮಾತು ಮಸೆದುಕೊಂಡೇ ಬಂದಿದ್ದಳು. ಈಗ ಆಡುವುದಾದರೂ ಏನು? ಮಗುವಿನ ಉಗುರು ಕತ್ತರಿಸಿತ್ತು, ತಲೆ ನೀಟಾಗಿ ಬಾಚಿತ್ತು, ಅಂಗಿಗೆ ಇಸ್ತ್ರಿ ಬಿದ್ದಿತ್ತು. ಈ ಮಲತಾಯಿ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಇದ್ದಲ್ಲಿಂದಲೇ ಕೂಸನ್ನು ಸೊಂಟಕ್ಕೇರಿಸಿಕೊಂಡು ಹೊರಟುಬಿಡಬಹುದಿತ್ತು.

ಭಾವ ಫೋನಿನಿಂದ ತಲೆ ಎತ್ತದೆ ಅಂದ. "ಮುಂದಿನ ಸಲ ಬರೋ ಮುಂಚೆ ಫೋನ್ ಮಾಡು. ಮತ್ತೆ ಆ ಕಡೆ ಮಾತೆಲ್ಲ ಇವಳ ಹತ್ರ ಆಡ್ಬೇಡ. ಗಲಿಬಿಲಿ ಆಗುತ್ತೆ ಮಗೂಗೆ."

"ಆ ಕಡೆ ಮಾತು ಅಂದ್ರೆ ಇವಳಮ್ಮನ ಮಾತು, ಭಾವ. ಅದಕ್ಕೇ ಮರುಳಾಗಿ ತಾಳಿ ಕಟ್ಟಿದೋರು ನೀವು."

ಭಾವ ಫೋನಿನ ಪರದೆ ಉಜ್ಜಿದ. ಮಲತಾಯಿ ತಲೆ ತಗ್ಗಿಸಿ ಲೋಟಗಳಿಗೆ ಥಂಡಾ ಬಗ್ಗಿಸಿದಳು. ಚಿಕ್ಕಮ್ಮ ತನ್ನ ಲೋಟವನ್ನು ಗುಬ್ಬಿಯ ಕಡೆಗೆ ಸರಿಸಿದಳು.

ಮುಂದಿನ ಸಲ ಫೋನ್ ಮಾಡಿಯೇ ಹೋದಳು. ಆ ಊರಿನವಳೊಬ್ಬಳು ಲಾಂಡ್ರಿಯಲ್ಲಿ ಜೊತೆಗಿದ್ದಳು. ಒದ್ದೆ ಹೊದಿಕೆ ಹಿಂಡುತ್ತಲೇ ಅವಳಿಂದ ಅಲ್ಲಿನ ಮಾತು ಕಲಿತಿದ್ದಳು. ಬಾಗಿಲಲ್ಲಿ ನಿಂತು, ನಾಲಿಗೆ ತೊಡರದಂತೆ, "ಗುಬ್ಬಿ, ಥಂಡಾ ತಂದಿದೀನಿ" ಎಂದಳು. ಯಾರೂ ನಗಲಿಲ್ಲ.

"ಥ್ಯಾಂಕ್ಸ್ ಆಂಟಿ" ಎಂದು ಮಗು ಬಾಟಲಿ ತೆಗೆದುಕೊಂಡು ಅಂಗಳಕ್ಕೆ ಓಡಿತು. ಹೊರಗೆ ಆಡುತ್ತಿದ್ದ ಗೆಳತಿ ಕೇಳಿದ್ದು ಒಳಗೂ ಕೇಳಿಸಿತು. "ಯಾರೇ ಅವರು?"

"ಯಾರೋ ನೆಂಟರು" ಎಂದಳು ಗುಬ್ಬಿ.