ಹೊಡೆದುಹಾಕಿದ ಹನ್ನೊಂದು ಮಾತುಗಳು

ರೇಡಿಯೊದಲ್ಲಿ ಅವರಿಬ್ಬರಿಗೂ ಹೆಸರೇ ಇರಲಿಲ್ಲ. ಹತ್ತೊಂಬತ್ತು ವರ್ಷ ಪ್ರತಿಯೊಂದು ಹಾಸ್ಯರೂಪಕದ ಕೊನೆಯಲ್ಲೂ ಉದ್ಘೋಷಕ ‘ರಚನೆ: ಅಣ್ಣ ಮತ್ತು ತಮ್ಮ’ ಎಂದು ಓದುತ್ತಿದ್ದ. ಕೇಳುಗರಿಗೆ ಅಷ್ಟೇ ಸಾಕಾಗಿತ್ತು. ಅಣ್ಣನದು ಕನ್ನಡಕದ ಅಂಗಡಿ, ತಮ್ಮ ನೋಂದಣಿ ಕಚೇರಿಯಲ್ಲಿ ಟೈಪಿಸ್ಟು. ಗಿರಾಕಿಗಳ ಕಣ್ಣಿನ ನಂಬರು ಬರೆದುಕೊಂಡ ಹಳೇ ಚೀಟಿಗಳ ಬೆನ್ನಿಗೆ ಅಣ್ಣ ಗೀಚುತ್ತಿದ್ದ. ತಮ್ಮ ಅದನ್ನು ಟೈಪು ಮಾಡಿ, ಕಾಗುಣಿತ ತಿದ್ದಿ, ನಡುನಡುವೆ ತನ್ನದೂ ಒಂದೆರಡು ತಮಾಷೆ ಸೇರಿಸುತ್ತಿದ್ದ. ಯಾವ ಮಾತು ಯಾರದು ಎಂದು ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಒಳಗಿನ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಎಂಟು ತಿಂಗಳ ಹಿಂದೆ ಅಣ್ಣ ತೀರಿಕೊಂಡ. ರೇಡಿಯೊ ನಿಲಯದ ನಿರ್ಮಾಪಕಿ ತಮ್ಮನನ್ನು ಕರೆಸಿ, ನಾಲ್ಕು ಸಾಂತ್ವನದ ಮಾತು ಆಡಿ, ಐದನೆಯದಕ್ಕೆ ವಿಷಯಕ್ಕೆ ಬಂದಳು.

“ಒಂದು ರೂಪಕ ನೀವೊಬ್ಬರೇ ಬರೆದು ತನ್ನಿ. ಜನರ ಮುಂದೇನೇ ರೆಕಾರ್ಡ್ ಮಾಡೋಣ. ನಕ್ಕರೆ ಮುಂದಿನ ವರ್ಷದ ಕಾರ್ಯಕ್ರಮ ಪೂರ್ತಿ ನಿಮ್ಮದು. ನಗಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ.”

“ಆಗಲಿ.”

“ಇನ್ನೊಂದು. ಬರೀ ‘ತಮ್ಮ’ ಅಂತ ಓದಿದ್ರೆ ಯಾರ ತಮ್ಮ ಅಂತ ಕೇಳ್ತಾರಲ್ರೀ ಜನ?”

“ಎರಡು ವಾರ ಕೇಳ್ತಾರೆ. ಆಮೇಲೆ ಸುಮ್ಮನಾಗ್ತಾರೆ” ಎಂದ ತಮ್ಮ. ಹತ್ತೊಂಬತ್ತು ವರ್ಷದಿಂದ ಅವನು ಕಾದಿದ್ದ ದಿನ ಅದು. ಹಾಗೆಂದು ಯಾರ ಮುಂದೆಯೂ ಹೇಳಿಕೊಳ್ಳುವಂತಿರಲಿಲ್ಲ, ಅಷ್ಟೆ.

ಮೂರು ವಾರ ಟೈಪ್‌ರೈಟರಿನ ಮುಂದೆ ಕೂತ. ಏನೂ ಹುಟ್ಟಲಿಲ್ಲ. ನಾಲ್ಕನೆಯ ವಾರ ಅತ್ತಿಗೆ ಅಂಗಡಿಯ ಸಾಮಾನು ಖಾಲಿ ಮಾಡಿಸಲು ಅವನನ್ನು ಕರೆದಾಗ, ಗಾಜು ಒರೆಸುವ ಬಟ್ಟೆಗಳ ಡ್ರಾಯರಿನ ತಳದಲ್ಲಿ ರಬ್ಬರ್ ಬ್ಯಾಂಡು ಹಾಕಿದ ಒಂದು ಕಟ್ಟು ಚೀಟಿ ಸಿಕ್ಕಿತು. ಅಣ್ಣನ ಕೊನೆಯ ರೂಪಕ, ಪೂರ್ತಿ. ನಾಲ್ಕು ದಿನಕ್ಕೆಂದು ಬಂದು ನಾಲ್ಕು ತಿಂಗಳಾದರೂ ಹೊರಡದ ಮಾವ, ಅವನನ್ನು ಕಳಿಸಲು ಒದ್ದಾಡುವ ಅಳಿಯ. ತಮ್ಮ ಕಟ್ಟನ್ನು ಅಂಗಿಯೊಳಗೆ ಇಳಿಸಿಕೊಂಡ.

“ಕೊನೇಲಿ ಏನೋ ಬರೀತಾ ಇದ್ರಪ್ಪ ಅವರು” ಎಂದು ಅತ್ತಿಗೆ ಹಿಂದಿನ ಕೋಣೆಯಿಂದಲೇ ಕೇಳಿದಳು. “ಸಿಕ್ತಾ?”

“ಇಲ್ಲ ಅತ್ತಿಗೆ. ಬರೀ ಬಟ್ಟೆ.”

ಮನೆಗೆ ತಂದು ಟೈಪು ಮಾಡಿದ. ಕತೆಯೇನೋ ಯಾರದ್ದಾದರೂ ಆಗಬಹುದು. ಆದರೆ ಹನ್ನೊಂದು ಕಡೆ ಅಣ್ಣನ ಮಾತು ಅಣ್ಣನದೇ ಎಂದು ಕೂಗಿ ಹೇಳುತ್ತಿತ್ತು. ನಿರ್ಮಾಪಕಿಯ ಕಿವಿ ಚುರುಕು, ಮೂಸಿ ನೋಡಿದಂತೆ ಕಂಡುಹಿಡಿಯುತ್ತಾಳೆ. ಆ ಹನ್ನೊಂದನ್ನೂ ಹೊಡೆದುಹಾಕಿ, ಬೇರೆ ಬೇರೆ ಕಡೆ ತನ್ನವೇ ಹನ್ನೊಂದನ್ನು ಜೋಡಿಸಿದ. ಚೀಟಿಗಳನ್ನು ಚೂರುಚೂರು ಮಾಡಿ ಕಚೇರಿಯ ರದ್ದಿ ಮೂಟೆಯಲ್ಲಿ, ತಿರಸ್ಕೃತ ಅರ್ಜಿಗಳ ನಡುವೆ ಸೇರಿಸಿಬಿಟ್ಟ. ಆ ಮಾತುಗಳು ಈಗ ಲೋಕದಲ್ಲಿ ಒಂದೇ ಕಡೆ ಇದ್ದವು, ಅವನ ತಲೆಯಲ್ಲಿ.

ರೆಕಾರ್ಡಿಂಗು ಮಧ್ಯಾಹ್ನ ಮೂರಕ್ಕೆ. ಎಂಬತ್ತು ಕುರ್ಚಿಗಳ ಸಭಾಂಗಣ, ಗೋಡೆಗೆಲ್ಲ ತೂತುತೂತಿನ ಹಲಗೆ, ಕಿಟಕಿಯೇ ಇಲ್ಲ. ಪ್ರೇಕ್ಷಕರ ತಲೆಯ ಮೇಲೆ ನಗು ಹಿಡಿಯಲೆಂದು ಎರಡು ಮೈಕು ತೂಗುತ್ತಿದ್ದವು. ಅಣ್ಣತಮ್ಮಂದಿರು ಯಾವಾಗಲೂ ತಾವು ಯಾರೆಂದು ಹೇಳದೆ ಜನರ ನಡುವೆ ಆರನೇ ಸಾಲಿನಲ್ಲಿ ಕೂರುತ್ತಿದ್ದರು. ಎಡತುದಿಯಲ್ಲಿ, ನಡೆದಾಡುವ ಓಣಿಯ ಪಕ್ಕದ ಕುರ್ಚಿ ಅಣ್ಣನದು. ತನ್ನ ಮಾತಿಗೆ ಅವನು ಎಂದೂ ನಕ್ಕವನಲ್ಲ. ನಗು ಬರುವ ಮುಂಚೆ ಕನ್ನಡಕದ ಡಬ್ಬಿಯ ಮೇಲೆ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದ, ಟಕ್ ಟಕ್. ಮೂರನೆಯದಕ್ಕೆ ಜನ ನಗುತ್ತಿದ್ದರು. ತಮ್ಮನ ಮಾತಿಗೆ ತಟ್ಟುತ್ತಿರಲಿಲ್ಲ. ಕೇಳಿದರೆ, “ಬೆರಳು ತಾನಾಗೇ ಏಳಬೇಕು ಕಣೋ, ನಾನೇನು ಮಾಡ್ಲಿ” ಎನ್ನುತ್ತಿದ್ದ.

ಈ ಸಲ ಅತ್ತಿಗೆಗೂ ಒಂದು ಪಾಸು ಕೊಡಲೇಬೇಕಾಯಿತು. ಇಷ್ಟು ವರ್ಷ ಮನೆಯಲ್ಲಿ ಕೂತು ರೇಡಿಯೊದಲ್ಲೇ ಕೇಳಿದ ಹೆಂಗಸು ಅವಳು. ನೇರ ಆರನೇ ಸಾಲಿಗೆ ನಡೆದು, ಓಣಿಯ ಪಕ್ಕದ ಕುರ್ಚಿ ಬಿಟ್ಟು ಎರಡನೆಯದರಲ್ಲಿ ಕೂತಳು. ತಮ್ಮ ಮೂರನೆಯದರಲ್ಲಿ. ಅವನ ಆಚೆ ಛತ್ರಿ ಹಿಡಿದ ಒಬ್ಬ ದಪ್ಪನೆಯ ಮನುಷ್ಯ, ಅವನ ಹೆಂಡತಿ.

“ಬ್ಯಾಗು ಆ ಖಾಲಿ ಕುರ್ಚಿ ಮೇಲಿಡಿ ಅತ್ತಿಗೆ, ತೊಡೆ ಮೇಲೆ ಯಾಕೆ?”

“ಇರಲಿ ಬಿಡು. ಭಾರ ಏನಿಲ್ಲ.”

ಸಭಾಂಗಣ ತುಂಬಿತು. ಕೊನೆಗೆ ಬಂದ ಇಬ್ಬರು ಆ ಖಾಲಿ ಕುರ್ಚಿಯವರೆಗೆ ಬಂದು, “ಓ, ಕ್ಷಮಿಸಿ” ಎಂದು ಹಿಂದಕ್ಕೆ ಹೋಗಿ ಗೋಡೆಗೆ ಒರಗಿ ನಿಂತರು. ಯಾರಿಗೆ ಕ್ಷಮಿಸಿ ಎಂದರೋ ತಮ್ಮನಿಗೆ ಗೊತ್ತಾಗಲಿಲ್ಲ.

ವೇದಿಕೆಯ ಉಸ್ತುವಾರಿಯವನು ಮುಂದೆ ಬಂದು ನಿಯಮ ಹೇಳಿದ. “ಕೆಂಪು ದೀಪ ಹತ್ತಿದ ಮೇಲೆ ಕೆಮ್ಮೋ ಹಾಗಿಲ್ಲ, ಏಳೋ ಹಾಗಿಲ್ಲ. ನಗು ಬಂದ್ರೆ ನಗಿ. ಬರಲಿಲ್ಲ ಅಂದ್ರೆ ಪಕ್ಕದವರ ಮುಖ ನೋಡಿ, ಬರುತ್ತೆ.” ಈ ಮಾತಿಗೆ ಜನ ನಕ್ಕರು. ತನ್ನ ಮೊದಲ ತಮಾಷೆಗೂ ಇಷ್ಟು ಸಿಕ್ಕರೆ ಸಾಕು ಎಂದುಕೊಂಡ ತಮ್ಮ.

ಸಿಗಲಿಲ್ಲ. ಕೆಂಪು ದೀಪ ಹತ್ತಿತು, ಮಾವನ ಪಾತ್ರದವನೂ ಅಳಿಯನ ಪಾತ್ರದವನೂ ಮೈಕಿನ ಮುಂದೆ ನಿಂತು ಓದತೊಡಗಿದರು. ತಮ್ಮನ ಮೊದಲನೆಯ ತಮಾಷೆ ಬಂತು, ಹೋಯಿತು. ಎಂಬತ್ತು ಜನ ಬಸ್ಸಿಗೆ ಕಾಯುವವರಂತೆ ಕೂತಿದ್ದರು. ಎರಡನೆಯದೂ ಹಾಗೇ.

“ಮಾವ, ನಾಳೆ ಹೊರಡ್ತೀನಿ ಅಂದ್ರಿ. ಹೊಸ ದಿಂಬು ತಂದಿದ್ದೀರಲ್ಲ?” ಎಂದ ಅಳಿಯ.

“ಹೂಂ. ತಂದೆ” ಎಂದ ಮಾವ. ಅಲ್ಲಿಗೆ ಮುಗಿದಿತ್ತು. ಅದರ ಮುಂದಿನ ಅಣ್ಣನ ಮಾತನ್ನು ತಮ್ಮ ಹೊಡೆದುಹಾಕಿದ್ದ.

ಅಳಿಯ ಮುಂದಿನ ಮಾತಿಗೆ ಉಸಿರೆಳೆದುಕೊಂಡ. ಆ ಸಂದಿನಲ್ಲಿ ಎಡಗಡೆಯಿಂದ ಒಂದು ಸಣ್ಣ ಸದ್ದು. ಟಕ್ ಟಕ್.

ಸಭಾಂಗಣ ಗೊಳ್ಳೆಂದಿತು. ಹೊಟ್ಟೆಯಿಂದ ಬಂದ ನಗು, ಹಿಂದಿನ ಸಾಲಿನವರೆಗೆ ಹೋಗಿ ಮತ್ತೆ ಮುಂದಕ್ಕೆ ಬಂದ ನಗು. ನಟರಿಬ್ಬರೂ ಕಾಗದದಿಂದ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದರು. ಪಳಗಿದವರು, ನಗು ಇಳಿಯುವವರೆಗೆ ಕಾದು ಮುಂದುವರಿಸಿದರು. ತಮ್ಮ ಅತ್ತಿಗೆಯ ಕಡೆ ತಿರುಗಿದ. ಅವಳು ಮುಷ್ಟಿಯಿಂದ ಬಾಯಿ ಮುಚ್ಚಿಕೊಂಡು ಭುಜ ಕುಣಿಸುತ್ತಿದ್ದಳು. ಎಂಟು ತಿಂಗಳಲ್ಲಿ ಅವಳು ನಕ್ಕಿದ್ದನ್ನು ಅವನು ನೋಡಿರಲಿಲ್ಲ.

ಎರಡನೆಯ ಸಲವೂ ಹೀಗೇ ಆಯಿತು, ಮಾತು ಹೊಡೆದುಹಾಕಿದ ಜಾಗದಲ್ಲೇ. ಅಷ್ಟರಲ್ಲಿ ಅಳಿಯನ ಪಾತ್ರದವನ ಕೈ ತಾಗಿ ನೀರಿನ ಲೋಟ ಉರುಳಿ, ಕೆಂಪು ದೀಪ ಆರಿತು. ಐದು ನಿಮಿಷ ಬಿಡುವು.

ಛತ್ರಿಯವನು ಕಣ್ಣೊರೆಸಿಕೊಳ್ಳುತ್ತ ಹೆಂಡತಿಗೆ ಹೇಳುತ್ತಿದ್ದ. “ಅಂಗಡಿಯವನು ಐದು ವರ್ಷ ಗ್ಯಾರಂಟಿ ಕೊಟ್ಟ ಕಣಯ್ಯ, ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ ಅಂತಾನಲ್ಲೇ, ದಿಂಬಿಗೆ. ಥೇಟ್ ನಿಮ್ಮಪ್ಪ.”

“ನಮ್ಮಪ್ಪನ ಸುದ್ದಿ ಬೇಡ. ನಿಮ್ಮ ಚಿಕ್ಕಪ್ಪ ನೆಂಟ ಆಗಿ ಬಂದವರು ನಮ್ಮ ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸಿದ್ದು ಮರೆತ್ರಾ?”

ತಮ್ಮ ಥಟ್ಟನೆ ಅವರ ಕಡೆ ತಿರುಗಿದ. ದಿಂಬಿನ ಆ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ, ರದ್ದಿ ಮೂಟೆಗೆ ಹೋದ ಚೀಟಿಯಲ್ಲಿತ್ತು.

“ಅದನ್ನ ಯಾರು ಹೇಳಿದ್ರು?” ಎಂದು ಕೇಳಿದ.

“ಯಾರು ಅಂದ್ರೆ? ಆ ಮಾವನೇ. ನೀವೇನು ನಿದ್ದೆ ಮಾಡ್ತಿದ್ರಾ ಸ್ವಾಮಿ?”

ತಮ್ಮ ಎದ್ದು ನಿರ್ಮಾಪಕಿ ಕೂತಿದ್ದ ಗಾಜಿನ ಕೋಣೆಗೆ ಹೋದ. ಇದನ್ನು ಇಲ್ಲಿಗೆ ನಿಲ್ಲಿಸಿ ಎನ್ನಬೇಕು, ಏನಾದರೊಂದು ನೆಪ ಹೇಳಬೇಕು, ಬೇಕಾದರೆ ನಿಜವನ್ನೇ ಹೇಳಬೇಕು. ಅವನು ಬಾಯಿ ತೆರೆಯುವ ಮುಂಚೆ ನಿರ್ಮಾಪಕಿ ಹೆಡ್‌ಫೋನು ಕಳಚಿ ಅವನ ಕೈ ಹಿಡಿದುಕೊಂಡಳು.

“ಏನ್ರೀ ಧೈರ್ಯ ನಿಮ್ಮದು. ‘ಹೂಂ, ತಂದೆ’ ಅಂತ ಅಷ್ಟೇ ಹೇಳಿಸಿ, ಸುಮ್ಮನೆ ಬಿಟ್ಟು, ಆ ಮೌನಕ್ಕೆ ನಗಿಸ್ತೀರಲ್ಲ. ಮಾತೇ ಇಲ್ಲದ ಕಡೆ ನಗು. ನಿಮ್ಮಣ್ಣನಿಗೂ ಇದು ಬರ್ತಿರಲಿಲ್ಲ, ನೋಡಿ.”

“ಅಲ್ಲಿ... ಏನೂ ಕೇಳಿಸಲಿಲ್ವಾ ನಿಮಗೆ?”

“ಏನು ಕೇಳಿಸಬೇಕು? ಮೌನ. ಆಮೇಲೆ ನಗು. ಮುಂದಿನ ವರ್ಷ ನಿಮ್ಮದು ಅಂತ ಇಟ್ಕೊಳ್ಳಿ.”

ನಿಮ್ಮಣ್ಣನಿಗೂ ಬರುತ್ತಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಇಂಥದೊಂದು ವಾಕ್ಯವನ್ನು ಅವನಿಗೆ ಯಾರೂ ಹೇಳಿರಲಿಲ್ಲ. ತಮ್ಮ “ಥ್ಯಾಂಕ್ಸ್” ಎಂದು ಹೇಳಿ ಆರನೇ ಸಾಲಿಗೆ ವಾಪಸು ಬಂದ.

ಮತ್ತೆ ಕೆಂಪು ದೀಪ. ಈಗ ಅವನು ಎಣಿಸತೊಡಗಿದ. ಮೂರು, ನಾಲ್ಕು, ಐದು. ಎಲ್ಲೆಲ್ಲಿ ಪೆನ್ಸಿಲಿನಿಂದ ಗೀಟು ಎಳೆದಿದ್ದನೋ ಅಲ್ಲಲ್ಲಿ ಟಕ್ ಟಕ್, ಮೂರನೆಯದಕ್ಕೆ ನಗು. ಅವನ ಸ್ವಂತ ತಮಾಷೆಗಳು ಬಂದಾಗ ಜನ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಸುತ್ತ ಎಲ್ಲರೂ ಒಂದೇ ಕಡೆ ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದುದನ್ನು ಅವನು ಕಂಡ. ಅವನೂ ಕಿವಿಗೊಟ್ಟ. ಮೈಕಿನ ತಂತಿಯ ಗುಂಯ್‌ಗುಟ್ಟುವಿಕೆ ಬಿಟ್ಟು ಮತ್ತೇನೂ ಕೇಳಿಸಲಿಲ್ಲ. ಎಂಬತ್ತು ಜನರ ಆ ಸಭೆಯಲ್ಲಿ ಕಿವುಡನಾಗಿದ್ದವನು ಅವನೊಬ್ಬನೇ. ಎಡಗಡೆ ನೋಡುವುದನ್ನು ಅವನು ಬಿಟ್ಟುಬಿಟ್ಟ.

ಹತ್ತಾಯಿತು. ಹನ್ನೊಂದನೆಯದು ರೂಪಕದ ಕಟ್ಟಕಡೆಯ ಮಾತು. ಮಾವ ಕೊನೆಗೂ ಟ್ರಂಕು ಹೊತ್ತು ಹೊಸ್ತಿಲು ದಾಟುತ್ತಾನೆ. ಖುಷಿಗೆ ಅಳಿಯ ಬಾಯಿ ತಪ್ಪಿ, “ಇನ್ನೂ ನಾಲ್ಕು ದಿನ ಇದ್ದು ಹೋಗಬಹುದಿತ್ತು” ಅಂದುಬಿಡುತ್ತಾನೆ. ಟ್ರಂಕು ನೆಲಕ್ಕಿಟ್ಟ ಸದ್ದು. ತಮ್ಮನ ಪ್ರತಿಯಲ್ಲಿ ಅಲ್ಲಿಗೆ ಮುಕ್ತಾಯ. ಅಣ್ಣನ ಚೀಟಿಯಲ್ಲಿ ಇನ್ನೊಂದು ಸಾಲಿತ್ತು: “ನಾನು ಹೊರಟೆ ಅಂತ ಯಾರು ಹೇಳಿದ್ದು?” ಅದು ಅಂಗಡಿಯಲ್ಲಿ ಅಣ್ಣ ದಿನಾ ಆಡುತ್ತಿದ್ದ ಮಾತು, ಅವನು ಒಳಗಿದ್ದದ್ದು ಮರೆತು ಯಾರಾದರೂ ದೀಪ ಆರಿಸಿದಾಗ.

ಟ್ರಂಕಿನ ಸದ್ದು ಕೇಳಿತು. ಟಕ್ ಟಕ್. ಸಭಾಂಗಣ ನಕ್ಕ ಅಬ್ಬರಕ್ಕೆ ತಲೆ ಮೇಲಿನ ಮೈಕುಗಳು ತೂಗಾಡಿದವು.

ಇನ್ನು ಉಳಿದದ್ದು ಹೆಸರು. ಉದ್ಘೋಷಕ ಮುಂದೆ ಬಂದು ಕಾಗದ ಎತ್ತಿ ಹಿಡಿದ. “ರಚನೆ,” ಎಂದು ಉಸಿರು ತೆಗೆದುಕೊಂಡ.

ಆ ಉಸಿರಿಗೇ ಎಂಬತ್ತು ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಪೂರ್ತಿ ಮುಗಿಯುವವರೆಗೆ ಕಾದು ಅವನು “ತಮ್ಮ” ಎಂದ. ಈಗ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

“ಇನ್ನೊಂದು ಸಲ” ಎಂದಿತು ಗಾಜಿನ ಕೋಣೆಯ ಸ್ಪೀಕರು. ಇನ್ನೊಂದು ಸಲವೂ ಅಷ್ಟೇ ಆಯಿತು.

ಉಸ್ತುವಾರಿಯವನು ಕೈ ಜೋಡಿಸಿದ. “ದಯವಿಟ್ಟು ಹೆಸರು ಹೇಳೋವರೆಗೂ ತಡ್ಕೊಳ್ಳಿ.”

“ಹೇಳಿದ್ರಲ್ಲ” ಎಂದ ಛತ್ರಿಯವನು. “ಅಣ್ಣ ಅಂತ.”

“ನಾನೆಲ್ಲಿ ಹೇಳಿದೆ?” ಉದ್ಘೋಷಕ ಕಾಗದ ತಿರುಗಿಸಿ ತೋರಿಸಿದ. “ಇಲ್ಲಿ ತಮ್ಮ ಅಂತ ಒಂದೇ ಇದೆ.”

ಅತ್ತಿಗೆ ಮೊದಲ ಸಲ ಮೈದುನನ ಕಡೆ ತಿರುಗಿದಳು. ಸಿಟ್ಟೇನೂ ಇರಲಿಲ್ಲ, ಮನೆಯಲ್ಲಿ ಇಕ್ಕಳ ಎಲ್ಲಿಟ್ಟೆ ಎಂದು ಕೇಳುವ ದನಿ. “ಬಟ್ಟೆ ಡ್ರಾಯರಿನಲ್ಲಿ ಇದ್ವಾ ಆ ಚೀಟಿಗಳು?”

ತಮ್ಮ ಎದ್ದು ನಿಂತ. ಗಾಜಿನಾಚೆ ನಿರ್ಮಾಪಕಿಯ ಮುಖ, ಅವಳ ಹಿಂದೆ ಇಡೀ ಮುಂದಿನ ವರ್ಷ.

“ಇದು ನಾನು ಬರೆದದ್ದಲ್ಲ” ಎಂದ. ಆ ಕೋಣೆಯ ಗೋಡೆಗಳು ಮಾತನ್ನು ಹೀರಿಕೊಂಡವು. “ನಮ್ಮಣ್ಣಂದು. ನಾನು ಹನ್ನೊಂದು ಕಡೆ ಹೊಡೆದುಹಾಕಿದೆ, ಅಷ್ಟೇ ನನ್ನ ಕೆಲಸ. ಹೆಸರು ಅವನದೊಂದೇ ಓದಿ.”

ಜನರೆಲ್ಲ ಅವನನ್ನು ನೋಡುತ್ತಿದ್ದರು. ಆಮೇಲೆ, ಒಬ್ಬೊಬ್ಬರಾಗಿ, ಅವರ ಕಣ್ಣುಗಳು ಓಣಿಯ ಪಕ್ಕದ ಖಾಲಿ ಕುರ್ಚಿಗೆ ಸರಿದವು. ಅಲ್ಲಿ ಯಾರೋ ಏನೋ ಹೇಳುತ್ತಿರುವಂತೆ ತಲೆ ಓರೆ ಮಾಡಿ ಕಾದರು.

ಟಕ್ ಟಕ್.

ಅಂಥ ನಗುವನ್ನು ಆ ಸಭಾಂಗಣ ಹತ್ತೊಂಬತ್ತು ವರ್ಷದಲ್ಲಿ ಕಂಡಿರಲಿಲ್ಲ. ಛತ್ರಿಯವನು ತೊಡೆ ತಟ್ಟಿಕೊಂಡು ಮುಂದಕ್ಕೆ ಬಾಗಿದ, ಅವನ ಹೆಂಡತಿ ಅವನ ಬೆನ್ನ ಮೇಲೆ ಮುಖವಿಟ್ಟು ನಕ್ಕಳು. ಗೋಡೆಗೆ ಒರಗಿದ್ದ ಇಬ್ಬರು ಜಾರಿ ನೆಲಕ್ಕೆ ಕೂತರು.

“ಏನಂದ?” ಎಂದು ತಮ್ಮ ಕೇಳಿದ. “ಏನಂದ ಅವನು?”

ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅತ್ತಿಗೆ ಕಣ್ಣೊರೆಸಿಕೊಂಡು ಖಾಲಿ ಕುರ್ಚಿಯ ಕಡೆ ತಿರುಗಿ, ಹಳೆಯ ಸಲಿಗೆಯ ಗದರಿಕೆಯಲ್ಲಿ ಅಂದಳು: “ಹಾಗೆಲ್ಲ ಅನ್ನಬಾರದು ರೀ. ಪಾಪ, ಒಪ್ಕೊಂಡನಲ್ಲ.”