ಬೇಲಿಯೊಳಗಿನ ಸಿಮೆಂಟ್ ನೀರು

ಕಟ್ಟಡ ಏಳುವ ಜಾಗದಲ್ಲಿದ್ದ ಒಂದು ಮರಕ್ಕೆ ಏಟಾಗಬಾರದು ಅಂತ ನಗರಸಭೆಯವರು ಅದರ ಸುತ್ತ ತಂತಿಬೇಲಿ ಹಾಕಿಸಿದ್ದರು. ಹಾಕಿಸಿದ್ದೇ ಮುಳುವಾಯಿತು. ಪಾಯ ತೋಡಿ ಎಲ್ಲೆಲ್ಲೂ ಗುಂಡಿಬಿದ್ದ ಆ ಸೈಟಿನಲ್ಲಿ ಖಾಲಿ ನೆಲ ಅಂತ ಉಳಿದದ್ದು ಬೇಲಿಯೊಳಗೆ ಮಾತ್ರ. ಗಾರೆಯವರು ಕಾಂಕ್ರೀಟ್ ಕಲಸುವ ಯಂತ್ರವನ್ನು ಅಲ್ಲೇ ನಿಲ್ಲಿಸಿಕೊಂಡು, ಸಂಜೆ ಅದನ್ನು ತೊಳೆದ ನೀರನ್ನು ಮರದ ಬುಡಕ್ಕೇ ಸುರಿಯುತ್ತಿದ್ದರು.

ನೋಡಿ ನೋಡಿ ಪಕ್ಕದ ಕ್ಷೌರದಂಗಡಿಯವನ ಮೈ ಉರಿಯುತ್ತಿತ್ತು. ಅವನದು ತಗಡಿನ ಮಾಡಿನ ಒಂದೇ ಕೋಣೆ. ಆ ಮರದ ನೆರಳು ಹೋದರೆ ಮಧ್ಯಾಹ್ನ ಅಲ್ಲಿ ಯಾರೂ ಕೂರುವಂತಿಲ್ಲ, ಅಂಗಡಿಗೆ ಬೀಗ ಜಡಿಯಬೇಕಾದ್ದೇ. ಆಗಲೇ ಒಂದು ಮಗ್ಗುಲಿನ ಎಲೆ ಸುಟ್ಟ ಹಾಗೆ ಕಂದಿತ್ತು.

ಹೋಗಿ ಹೇಳಿದರೆ ಮೇಸ್ತ್ರಿ ಹಲ್ಲು ಕಿರಿದ. "ಅಣ್ಣಾ, ಕೊಡಲಿ ತಗುಲಿಸಿದೀವಾ? ಇಲ್ವಲ್ಲ. ನೀನು ನಿನ್ನ ಗಿರಾಕಿ ತಲೆ ನೋಡ್ಕೋ ಹೋಗು."

ಒಂದು ದಿನ ತಪಾಸಣೆಗೆ ನಗರಸಭೆಯ ಸಾಹೇಬರು ಬಂದರು. ಬೀದಿಯಿಂದಲೇ ಬೇಲಿ ನೋಡಿ ತಲೆಯಾಡಿಸಿ, ನೇರ ಅಂಗಡಿಗೆ ನುಗ್ಗಿ ಗಡ್ಡ ಕೊಟ್ಟು ಕುಳಿತರು.

ಎಡಗೆನ್ನೆ ನುಣ್ಣಗಾಯಿತು. ಅಂಗಡಿಯವನು ಕತ್ತಿ ಮಡಚಿ ಜೇಬಿಗಿಟ್ಟ.

"ಯಾಕಯ್ಯಾ?"

"ಬೇಲಿಯೊಳಗೆ ಹೋಗಿ ನೋಡ್ಕೊಂಡು ಬನ್ನಿ ಸ್ವಾಮಿ. ಆಮೇಲೆ ಬಲಗೆನ್ನೆ."

"ತಲೆ ಕೆಟ್ಟಿದ್ಯಾ? ಬೇಲಿ ಇದೆಯಲ್ಲ!"

"ಇದೆ. ಮಗೂನ ತೊಟ್ಟಿಲಲ್ಲಿ ಮಲಗಿಸಿ ಬಾಯಿಗೆ ಸುಣ್ಣ ಹುಯ್ತಾ ಇದಾರೆ. ತೊಟ್ಟಿಲು ಚೆನ್ನಾಗಿದೆ."

ಅರ್ಧ ಮುಖದ ನೊರೆ ಹೊತ್ತು ಸಾಹೇಬರು ಬೈಯುತ್ತಲೇ ಹೋದರು. ಕಂಡದ್ದೇ ತಡ ಮೇಸ್ತ್ರಿ ಕಿಸಕ್ಕನೆ ನಕ್ಕ. "ಅರ್ಧ ದುಡ್ಡಿಗೆ ಇಷ್ಟೇನಾ ಸಾಹೇಬ್ರೇ?" ಕೂಲಿಯವರೂ ಗೊಳ್ಳೆಂದರು. ಸಾಹೇಬರ ಪಿತ್ತ ನೆತ್ತಿಗೇರಿತು. ಆಗ ನೋಡಿ, ಯಂತ್ರವೂ ಕಂಡಿತು, ಬುಡದಲ್ಲಿ ಕಲ್ಲಾಗಿದ್ದ ಸಿಮೆಂಟಿನ ಹೆಪ್ಪೂ ಕಂಡಿತು.

"ಯಂತ್ರ ಈಗಲೇ ಹೊರಗೆ! ಅದನ್ನೆಲ್ಲ ಕೆರೆದು ತೆಗೆಯೋ ತನಕ ಕೆಲಸ ಬಂದ್!"

ವಾಪಸು ಬಂದು ಕುಳಿತು, "ಆಯ್ತೇನಪ್ಪಾ, ಸಮಾಧಾನವಾ?" ಅಂದರು.

ಅವನಿಗೆ ಇನ್ನಷ್ಟು ಸಿಟ್ಟು ಬಂತು. ಮರ ಒಣಗುವಾಗ ಬಾರದ ಕೋಪ ಯಾರೋ ನಕ್ಕಾಗ ಬಂತಲ್ಲ! ಗಡ್ಡ ಪೂರ್ತಿಯಾದ ಮೇಲೆ ಇವರು ಈ ಬೀದಿಗೆ ಕಾಲಿಡುವ ಪೈಕಿಯಲ್ಲ. ಬಲಗೆನ್ನೆ ಮುಗಿಸಿ ಕಳಿಸಿದ.

ಆಮೇಲೆ ಕುರ್ಚಿಯನ್ನು ದರದರ ಎಳೆದು, ಕನ್ನಡಿಗೆ ಬೆನ್ನು ಮಾಡಿ, ಬೇಲಿ ಕಾಣುವ ಬಾಗಿಲಿನತ್ತ ತಿರುಗಿಸಿಟ್ಟ. ಮುಂದಿನ ಗಿರಾಕಿ ಕಕ್ಕಾಬಿಕ್ಕಿಯಾದ.

"ಅಲ್ಲಪ್ಪಾ, ನನ್ನ ಮುಖ ನನಗೆ ಕಾಣಬೇಡ್ವಾ?"

"ನಿನ್ನ ಮುಖ ನಾನು ನೋಡ್ಕೋತೀನಿ, ಕೂತ್ಕೋ," ಅಂದ, ಕತ್ತಿ ಮಸೆಯುತ್ತ. "ನೀನು ಆ ಮೇಸ್ತ್ರಿ ಏನು ಸುರೀತಾನೆ ನೋಡ್ತಾ ಇರು."