ಅಟ್ಟಕ್ಕೆ ಗೆರೆಯಿಲ್ಲ

ಮಗುವಿನ ಜ್ವರ ಇಳಿದ ಮರುದಿನ ಆಯಾಳನ್ನು ಮನೆಯಿಂದ ಹೊರಗೆ ಹಾಕಿದರು. ಮಂಗಳೂರಿನಿಂದ ಹಡಗಿನಲ್ಲಿ ಆ ಬ್ರಿಟಿಷ್ ಮಗುವನ್ನು ಎತ್ತಿಕೊಂಡೇ ಈ ದೇಶಕ್ಕೆ ಬಂದವಳಿಗೆ ವಾಪಸು ಟಿಕೆಟ್ ಕೊಡಲಿಲ್ಲ, ಹಳೆಯ ಕೋಟೊಂದನ್ನು ಕೊಟ್ಟರು — ಹುಲ್ಲು ಎಷ್ಟು ಒಣಗಿದೆ, ರೇನರ್ಸ್ ಲೇನ್ ಹಿಂದಿನ ಈ ಪಾರ್ಕಿನಲ್ಲಿ ಮಳೆಯಿಲ್ಲದ ಬೇಸಿಗೆ ಬಂದರೆ ಸಾಕು, ನೆಲದೊಳಗಿನ ಅಡಿಪಾಯ ಹುಲ್ಲಿನ ಮೇಲೆ ಹಳದಿ ಗೆರೆಯಾಗಿ ಏಳುತ್ತದೆ, ಯುದ್ಧ ಮುಗಿದ ಮೇಲೆ ಕೆಡವಿದ ಅದೇ ಮನೆ, ಹೇಲ್ಸ್‌ಮೀಡ್ ಹೌಸ್, ನಮ್ಮ ಕಡೆಯ ಕರಿಮೆಣಸು ಮಾರಿ ಕಟ್ಟಿದ್ದು, ಇದು ಊಟದ ಹಾಲ್, ಇದು ಬಿಲಿಯರ್ಡ್ಸ್ ಕೋಣೆ, ಅಗೋ ಕುದುರೆ ಲಾಯ, ಲಾಯಕ್ಕೂ ಗೆರೆ ಇದೆ, ಆಯಾ ಮಲಗುತ್ತಿದ್ದದ್ದು ಅಟ್ಟದಲ್ಲಿ, ಅಟ್ಟಕ್ಕೆ ಎಲ್ಲಿಯ ಗೆರೆ, ಅದು ಗಾಳಿಯಲ್ಲಿತ್ತು. ಲೈಬ್ರರಿಯ ಟೇಪಿನಲ್ಲಿ ಅದೇ ಮಗು ಮುದುಕಿಯಾಗಿ ಮಾತಾಡುತ್ತದೆ, ನಾವು ಅವಳನ್ನು ಆಯಾ ಅಂತಲೇ ಕರೆಯುತ್ತಿದ್ದೆವು, ಹೆಸರು ಯಾರೂ ಕೇಳಲಿಲ್ಲ, ಆಮೇಲೆ ಸಣ್ಣಗೆ ಗುನುಗುತ್ತದೆ, ಜೋ ಜೋ, ಅದು ಯಾವ ಭಾಷೆ ಎಂದೂ ಗೊತ್ತಿಲ್ಲದೆ, ಹೆಡ್‌ಫೋನ್ ಹಾಕಿಕೊಂಡ ನಾನು ಲೈಬ್ರರಿಯ ನಡುವೆ ಕೂತು ಅತ್ತೆ, ಎದುರಿನವ ಟಿಶ್ಯೂ ಕೊಟ್ಟ. ಇದನ್ನು ಇವತ್ತಿನ ಭಾಷಣಕ್ಕೆ ಸೇರಿಸಿದರೆ ಪಾರ್ಕ್ ಸಂಘದ ಮಾರ್ಗರೆಟ್ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದಳು, ಬೇಡ ಗೌತಮಿ ಡಿಯರ್, ಮನೆಯ ನೆನಪಿಗೆ ಫಲಕ ನೆಡುವ ಸಂತೋಷದ ದಿನ, ಜನರ ಮೂಡ್ ಹಾಳಾಗುತ್ತೆ, ಅಲ್ಲದೆ ಅವಳ ಹೆಸರೇ ಗೊತ್ತಿಲ್ಲವಲ್ಲ. ನಾಯಿಗಳ ಹೆಸರು ಗೊತ್ತಿದೆ. ಆ ದೇವದಾರು ಮರದ ಕೆಳಗೆ ಒಂದೊಂದಕ್ಕೂ ಗೋರಿಕಲ್ಲು ನೆಟ್ಟು ಕೆತ್ತಿಸಿದ್ದಾರೆ, ಜೂನೋ, ಬ್ರೂನೋ, ಪೆಪ್ಪರ್, ಮೈಸೂರ್, ನಂಬಿಕಸ್ಥ ಸೇವಕರು ಎಂದು ಕೆಳಗೆ ಒಂದು ಸಾಲು, ಅಮ್ಮಾ ಲುಕ್, ಒಂದು ಡಾಗ್ ನಿನ್ನ ಊರಿಂದು ಅಂತ ಮಗಳು ಸ್ಮೃತಿ ನಗುತ್ತಾಳೆ, ಅದಕ್ಕೇ ಕಣೇ ಓದೋಕೆ ನಿನ್ನನ್ನ ಹಿಡಿದಿರೋದು, ಎನ್ನುತ್ತಾನೆ ಕೃಷ್ಣಪ್ರಸಾದ, ಗಂಡನಾದವನು ಹೇಳುವ ಮಾತೇ ಇದು, ಸುಮ್ನೆ ಓದಿ ಬಾ ಮಾರಾಯ್ತಿ, ಕೇಕ್ ತಿಂದು ಹೋಗೋಣ — ಇಡೀ ಸಂಘದಲ್ಲಿ ಕಂದು ಮುಖ ನನ್ನದೊಂದೇ, ಫೋಟೋಕ್ಕೆ ಚೆನ್ನ, ಅದಕ್ಕೇ ಮುಂದೆ ನಿಲ್ಲಿಸಿದ್ದಾರೆ, ಕಪ್ಪಗೆ ತಣ್ಣಗೆ ಮೈಕು ಅಂಗೈಯಲ್ಲಿ, ಚಳಿಗಾಲದ ಬೀದಿಯಲ್ಲಿ ಒಬ್ಬಳು ಹೆಂಗಸು ಯಾವ ಬಾಗಿಲು ತಟ್ಟುತ್ತಾಳೆ, ಯಾವ ಭಾಷೆಯಲ್ಲಿ, ಚಪ್ಪಾಳೆ ಆಗಲೇ ಶುರುವಾಗಿದೆ, ಮಾರ್ಗರೆಟ್ ಬಾಗಿ ಕಿವಿಯಲ್ಲಿ, ನಾಯಿಗಳಿಂದ ಶುರು ಮಾಡು ಡಿಯರ್, ಮಕ್ಕಳು ನಗಲಿ — ಇಲ್ಲ, ಓದುವುದಿಲ್ಲ — ಏನಂದೆ, ಮೈಕ್ ಆನ್ ಇದೆ ಗೌತಮಿ — ಗೊತ್ತು, ಅವಳನ್ನು ಬಿಟ್ಟು ನಾನು ಒಂದಕ್ಷರ ಓದುವುದಿಲ್ಲ.